ರಾಯಿಸಾಳ ತಾಯಿ ತಿರುಗಿ ನೋಡಲಿಲ್ಲ

"ಏಯ್, ಆ ಕಡೆಯಿಂದ ಬಾರೋ ಶನಿ ಮುಂಡೇದೇ! ತುಳಸಿಕಟ್ಟೆ ಕಣ್ಣಿಗೆ ಕಾಣಲ್ವಾ? ಮೈಯೆಲ್ಲ ಮೋರಿ ಮೆತ್ಕೊಂಡು ಮಧ್ಯದಲ್ಲೇ ನುಗ್ತಾನೆ ನೋಡು!"

ಚಂಪಕಮ್ಮ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬೈಯುತ್ತಿದ್ದರು. ಎತ್ತಿದ ಕಾಲನ್ನು ಮಾರಯ್ಯ ಹಾಗೇ ಹಿಂದಕ್ಕಿಟ್ಟ. ಕಟ್ಟಿಕೊಂಡಿದ್ದ ಬಚ್ಚಲ ಮೋರಿಗೆ ಬೆಳಗಿನಿಂದ ಬಿದಿರಿನ ಸೀಳು ತೂರಿಸಿ ತೂರಿಸಿ ಅವನ ಕೈಗಳು ಮೊಣಕೈವರೆಗೆ ಕಪ್ಪಾಗಿದ್ದವು. ಕಾಂಪೌಂಡಿಗೆ ಅಂಟಿಕೊಂಡಂತೆ ಸುತ್ತು ಹಾಕಿ ಬಂದು ಕೈತೊಳೆದು ಅಂಗಳದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತ.

"ಒಂದೀಟು ನೀರು ಬುಡಿ ಅವ್ವಾರೇ. ಗಂಟ್ಲು ಅಂಟ್ಕೊಂಡದೆ."

"ಲಿಖಿತಾ, ಗೂಡಿನಲ್ಲಿರೋ ಅಲ್ಯೂಮಿನಿಯಂ ಚೊಂಬು ತಗೊಂಡು ಅವನಿಗೆ ನೀರು ಹಾಕಮ್ಮ. ನಾನು ಮಡೀಲಿದೀನಿ. ಎತ್ತರದಿಂದ ಹಾಕು, ಸಿಡಿಯುತ್ತೆ."

ಲಿಖಿತಾ ಹಾಕಿದಳು. ಮಾರಯ್ಯ ಬೊಗಸೆಯನ್ನು ಬಾಯಿಗೆ ಹಚ್ಚಿ ಗಟಗಟ ಕುಡಿಯುತ್ತಾ ಒಮ್ಮೆ ತಲೆಯೆತ್ತಿದ. ಅವಳ ಮುಖ ನೋಡಿ ಹಾಗೇ ಕುಳಿತುಬಿಟ್ಟ. ನೀರು ಬೊಗಸೆ ತುಂಬಿ ಮೊಣಕೈಯಿಂದ ಇಳಿದು ನೆಲಕ್ಕೆ ಸುರಿಯಿತು. ಲಿಖಿತಾಳ ಅಜ್ಜಿ ಸಾಕಮ್ಮನ ಮನೆ ಜಗಲಿಯ ಮೇಲೆ ಕುಳಿತು ಇದೇ ಹುಡುಗಿಗೆ ಹುರಿಗಡಲೆ ಕೊಡುತ್ತಿದ್ದ ಮನುಷ್ಯ ಅವನು. ಒಂದೇ ಕೇರಿ, ಎರಡೇ ಮನೆ ಆಚೆ.

"ಸಾಕ..." ಅಂದವನು ಮೇಲೆ ನಿಂತಿದ್ದ ಚಂಪಕಮ್ಮನನ್ನು ನೋಡಿ, ಚೊಂಬಿನ ಮೇಲಿದ್ದ ಲಿಖಿತಾಳ ಬೆರಳುಗಳನ್ನು ನೋಡಿ, ಮಾತು ನುಂಗಿಕೊಂಡ.

"ಏನೋ ಅದು ಗೊಣಗೋದು?"

"ಸಾಕು ಅಂದೆ ಕನವ್ವಾರೇ. ವಟ್ಟೆ ತುಂಬೋಯ್ತು."

ಅವನು ತಲೆ ಬಗ್ಗಿಸಿ ಮತ್ತೆ ಮೋರಿಯ ಕಡೆ ಹೋದ.

ಅಜ್ಜಿಯ ಕಥೆಗಳಲ್ಲಿ ಹೀಗಾಗುತ್ತಿರಲಿಲ್ಲ. ವೇಷ ಮರೆಸಿಕೊಂಡು ಪರರಾಜ್ಯದಲ್ಲಿ ಗಂಜಿ ಕಾಯಿಸುವ ರಾಜಕುಮಾರಿಯನ್ನು ಕೊನೆಗೊಂದು ದಿನ ಅವಳ ಕಡೆಯವರು ಗುರುತು ಹಿಡಿಯುತ್ತಿದ್ದರು. ಗಿಣಿಯೋ, ಹೂವಾಡಗಿತ್ತಿಯೋ, ಯಾರಾದರೊಬ್ಬರು. ಆಗ ಊರಿಗೆ ಊರೇ ತಮಟೆ ಬಡಿದು ಕುಣಿಯುತ್ತಿತ್ತು. ಗುರುತು ಹಿಡಿದವರೇ ತಲೆ ಬಗ್ಗಿಸಿ ಹೋಗುವ ಕಥೆಯನ್ನು ಅಜ್ಜಿ ಹೇಳಿರಲಿಲ್ಲ.

ಲಿಖಿತಾ ಈ ಮನೆಗೆ ಸುಳ್ಳು ಹೇಳಿ ಬಂದವಳಲ್ಲ. ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಉಕ್ರೇನಿಗೆ ಹೋಗಿ, ಡಾಕ್ಟರ್ ಓದು ಅರ್ಧಕ್ಕೆ ನಿಂತು, ಯುದ್ಧ ತಪ್ಪಿಸಿಕೊಂಡು ಬಂದವಳಿಗೆ ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ಡಾಕ್ಟರ್ ಕಶ್ಯಪ್ ತನ್ನ ಸೋದರತ್ತೆ ಚಂಪಕಮ್ಮನ ಮನೆಯ ಹಿಂದಿನ ರೂಮು ತೋರಿಸಿದ್ದ. "ಯಾವ ಕಡೆಯವರಮ್ಮಾ?" ಎಂದು ಅವರು ಕೇಳಿದಾಗ ಅವಳು, "ಮೂಗೂರು ಕಡೆ ಆಂಟಿ" ಅಂದಿದ್ದಳು. "ಓ, ಲಿಂಗಾಯಿತರು! ಸದ್ಯ, ಮೊಟ್ಟೆ ಗಿಟ್ಟೆ ತಿನ್ನಲ್ಲ. ಇರು ಇರು. ಅಡುಗೆಮನೆ ಹೊಸಿಲು ಮಾತ್ರ ದಾಟಬೇಡ." ಹೌದು ಅಂತ ಅವಳು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಅದಕ್ಕೆ ಮುಂಚೆ ನೋಡಿದ್ದ ಮನೆಗಳವರು ಒಂದು ಮಾತು ಕೇಳಿ, ಇನ್ನೊಂದು ಮಾತಿಗೆ ಮೊದಲೇ ಬಾಗಿಲು ಹಾಕಿಕೊಂಡಿದ್ದರು. ಈಗ ಬಾಯಿ ಬಿಟ್ಟರೆ ರೂಮು ಹೋಗುತ್ತದೆ, ರೂಮಿನ ಬೆನ್ನಿಗೇ ಕೆಲಸವೂ. ಅದಕ್ಕೇ ಎರಡು ವರ್ಷದಿಂದ ಅವಳು ಊರಿನವರ ಫೋನು ಬಂದರೆ ಹೊಳೆ ಕಡೆ ನಡೆದುಹೋಗಿ ಮಾತಾಡುತ್ತಿದ್ದಳು. ಬಾಯಲ್ಲಿ ಕೇರಿಯ ಮಾತು ಜಾರಿಬಿಟ್ಟೀತು ಎಂದು ಮಾತನ್ನೇ ಕಡಿಮೆ ಮಾಡಿಕೊಂಡಿದ್ದಳು. ಅಜ್ಜಿಗೆ ವಿಳಾಸ ಕೊಟ್ಟಿರಲಿಲ್ಲ.

ಮಾರಯ್ಯ ಹೋದ ಮೇಲೆ ಚಂಪಕಮ್ಮ ಅಂಗಳಕ್ಕೆ ಗೋಮೂತ್ರ ಚಿಮುಕಿಸಿ, ಎರಡು ಲೋಟ ಕಾಫಿ ತಂದು ಜಗಲಿಯ ಮೇಲೆ ಕುಳಿತರು. ಲಿಖಿತಾಳದು ಬೇರೆ ಲೋಟ, ಅಂಚಿನಲ್ಲಿ ಗುರುತಿದ್ದದ್ದು.

"ಅಲ್ವೇ, ಉಕ್ರೇನ್‌ನಲ್ಲಿ ಯಹೂದಿ ಮುದುಕಿ ಮನೇಲಿದ್ದೆ ಅಂದಿದ್ದೆಯಲ್ಲ, ಅವಳ ಕಥೆ ಹೇಳು. ರಾತ್ರಿ ಟಿವೀಲಿ ಅವರನ್ನ ಕೊಂದಿದ್ದೆಲ್ಲ ತೋರಿಸಿದ್ರು. ನಿದ್ದೆ ಬರಲಿಲ್ಲ ನಂಗೆ."

ಲಿಖಿತಾ ಹೇಳಿದಳು. ಕಥೆ ಹೇಳುವುದು ಅವಳಿಗೆ ಅಜ್ಜಿಯಿಂದ ಬಂದದ್ದು. ತೊಡಗಿದರೆ ತಾನೆಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತಿತ್ತು.

ವಿನ್ನಿತ್ಸಾ ಅಂತ ಊರು. ನಡುವೆ ಹೊಳೆ. ಚಳಿಗಾಲದಲ್ಲಿ ಹೊಳೆಯ ಮೇಲೇ ಜನ ನಡೆಯುತ್ತಾರೆ. ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ರಾಯಿಸಾ ಪೆತ್ರೊವ್ನಾ ಎಂಬ ಮುದುಕಿ. ಶುಕ್ರವಾರ ಹೊತ್ತು ಮುಳುಗುವ ಮೊದಲು ಪರದೆ ಎಳೆದು, ತಲೆಗೆ ಬಟ್ಟೆ ಕಟ್ಟಿ, ಎರಡು ಮೇಣದ ಬತ್ತಿ ಹಚ್ಚಿ, ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡು ನಿಲ್ಲುವಳು. ಮಂತ್ರ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ. ಹೇಳಿಕೊಡಬೇಕಾದ ತಾಯಿ, ಇವಳಿಗೆ ಐದು ವರ್ಷವಿದ್ದಾಗಲೇ ಹೋಗಿದ್ದಳು.

ಜರ್ಮನರು ಊರು ಹಿಡಿದಿದ್ದ ಕಾಲ. ಪಕ್ಕದ ಮನೆಯ ಹಾನ್ನಾ ಎಂಬ ಕ್ರೈಸ್ತ ಹೆಂಗಸು ಕೂಸು ರಾಯಿಸಾಳನ್ನು ತನ್ನ ಮಗಳೆಂದು ಹೇಳಿ ಇಟ್ಟುಕೊಂಡಿದ್ದಳು. ಒಂದು ಬೆಳಿಗ್ಗೆ ಯಹೂದಿಗಳನ್ನೆಲ್ಲ ಸಾಲಾಗಿ ಊರಾಚೆಯ ಕಾಡಿಗೆ ನಡೆಸಿಕೊಂಡು ಹೋದರು. ಅಲ್ಲಿ ಗುಂಡಿ ತೋಡಿಟ್ಟಿದ್ದರು. ಹಾನ್ನಾಳ ಕೈ ಹಿಡಿದು ರಸ್ತೆಯ ಪಕ್ಕ ನಿಂತಿದ್ದ ಹುಡುಗಿಗೆ ಸಾಲಿನಲ್ಲಿ ತಾಯಿ ಕಂಡಳು. ತಾಯಿಗೂ ಮಗಳು ಕಂಡಳು. ಕಂಡವಳು, ಕಲ್ಲನ್ನೋ ಕಂಬವನ್ನೋ ನೋಡಿದ ಹಾಗೆ ನೋಡಿ, ಮುಖ ತಿರುಗಿಸಿ ಮುಂದಕ್ಕೆ ನಡೆದಳು. ಪೊಲೀಸಿನವನು, ಅವನೂ ಅದೇ ಊರಿನವನು, ಬಗ್ಗಿ ಕೇಳಿದ: "ಪುಟ್ಟಾ, ಅಲ್ಲಿ ನಿಮ್ಮೋರು ಯಾರಾದರೂ ಇದಾರಾ?" ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ತಾಯಿ ತಿರುಗಿ ನೋಡಲಿಲ್ಲ.

"ಅಯ್ಯೋ ರಾಮ," ಚಂಪಕಮ್ಮನ ಕಣ್ಣು ತುಂಬಿತು. "ಹೆತ್ತವಳ ಹೊಟ್ಟೆ ಏನಾಗಿರಬೇಕು! ಹುಟ್ಟಿದ್ದಕ್ಕೇ ಬೇರೆ ಮಾಡೋದಾ ಮನುಷ್ಯರನ್ನ? ರಾಕ್ಷಸರು ಕಣೇ." ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಲೋಟ ತೊಳೆದು ಅಲ್ಲೇ ಬೋರಲು ಹಾಕು ಮರಿ."

ಉಳಿದದ್ದನ್ನು ಲಿಖಿತಾ ಅವರಿಗೆ ಹೇಳಲಿಲ್ಲ.

ಯುದ್ಧ ಮುಗಿದ ಮೇಲೂ ರಾಯಿಸಾ ಹಾನ್ನಾಳ ಗಂಡ ಪೆತ್ರೊನ ಹೆಸರನ್ನೇ ತಂದೆಯ ಹೆಸರಾಗಿ ಹೊತ್ತು, ಪೆತ್ರೊವ್ನಾ ಎಂದೇ ಬದುಕಿದ್ದಳು. ಮೊದಮೊದಲು ಹಾನ್ನಾಗೆ ನೋವಾದೀತೆಂದು, ಆಮೇಲೆ ಕೆಲಸ ಹೋದೀತೆಂದು, ಕೊನೆಗೆ ಅಭ್ಯಾಸವಾಗಿ. ಸಾಕಿದ ಅದೇ ಹಾನ್ನಾ, ಹುಡುಗಿ ಹಾಲು ಉಕ್ಕಿಸಿದ ದಿನ, "ಝಿದೊವ್ಕಾ!" ಎಂದು ಕೂಗುತ್ತಿದ್ದಳು. ಆ ಜನರನ್ನು ಹೀನಾಯವಾಗಿ ಕರೆಯುವ ಮಾತು ಅದು. ಕೂಗಿ, ಆಮೇಲೆ ತಬ್ಬಿಕೊಂಡು ಅಳುತ್ತಿದ್ದಳು. ಲಿಖಿತಾ ಇದ್ದ ಕಾಲದಲ್ಲೂ ಊರಿನ ಸಣ್ಣ ಯಹೂದಿ ಪ್ರಾರ್ಥನಾಮಂದಿರದ ಗೋಡೆಗೆ ಯಾರೋ ಅದೇ ಮಾತನ್ನು ಬಣ್ಣದಲ್ಲಿ ಬರೆದಿದ್ದರು. ಕೆಳಗಿನ ಮಹಡಿಯ ಒಕ್ಸಾನಾ ಬಕೆಟ್ ಹಿಡಿದು ಹೋಗಿ ಉಜ್ಜಿ ಬಂದಿದ್ದಳು. ಮೆಟ್ಟಿಲ ಮೇಲೆ ಸಿಕ್ಕವರೊಂದಿಗೆ ನಗುನಗುತ್ತಾ ಮಾತಾಡಿದ ರಾಯಿಸಾ ಒಳಗೆ ಬಂದು ಬಾಗಿಲು ಹಾಕಿ, "ನಮ್ಮಪ್ಪನ ಹೆಸರು ಪೆತ್ರೊ ಅಲ್ಲ ಕಣಮ್ಮ, ಮೊಯಿಸೆಯ್. ನೀನು ಈ ಊರಿನವಳಲ್ಲ ಅಂತ ನಿಂಗೆ ಹೇಳ್ತಿದೀನಿ" ಅಂದಿದ್ದಳು.

ಅವತ್ತು ಲಿಖಿತಾ ಕೂಡ ಹೇಳಿದ್ದಳು. ತಾನು ಯಾರು, ತನ್ನ ಕೇರಿ ಊರಿನ ಯಾವ ದಿಕ್ಕಿಗಿದೆ, ಅಜ್ಜಿ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದದ್ದು, ಎಲ್ಲ. ಇಬ್ಬರಿಗೂ ತಾಯಿಯದಲ್ಲದ ಭಾಷೆಯಲ್ಲಿ, ಹಿಮ ಬೀಳುವ ಕಿಟಕಿಯ ಪಕ್ಕ. ಈ ಭೂಮಿಯ ಮೇಲೆ ಯಾರೂ ಕೇಳದೇನೇ ಅವಳು ಹೇಳಿಕೊಂಡದ್ದು ಆ ಒಬ್ಬಳ ಹತ್ತಿರವೇ.

ವಸಂತ ಬಂದಾಗ ರಾಯಿಸಾ ಆ ಕಾಡಿಗೆ ಹೋಗಿ ಗುಂಡಿ ಇದ್ದ ಜಾಗದಲ್ಲಿ ಒಂದು ಕಲ್ಲು ಇಟ್ಟು ಬರುತ್ತಿದ್ದಳು. ಹೂವಲ್ಲ, ಕಲ್ಲು. ಅದು ಅವರ ಪದ್ಧತಿ. ನಾನು ಬಂದಿದ್ದೆ, ಮರೆತಿಲ್ಲ ಅನ್ನುವುದಕ್ಕೆ.

ಹೋದ ಚಳಿಗಾಲದಲ್ಲಿ, ಕರೆಂಟಿಲ್ಲದ ಒಂದು ವಾರ, ಆ ಮೂರನೇ ಮಹಡಿಯಲ್ಲಿ ರಾಯಿಸಾ ತೀರಿಕೊಂಡಳು. ಒಕ್ಸಾನಾ ಮುತುವರ್ಜಿಯಿಂದ ಮಣ್ಣು ಮಾಡಿಸಿ ಫೋಟೋ ಕಳಿಸಿದ್ದಳು. ಹಿಮದಲ್ಲಿ ಹೊಸ ಮಣ್ಣಿನ ದಿಬ್ಬ. ಅದರ ಮೇಲೆ ಮರದ ಶಿಲುಬೆ. ಶಿಲುಬೆಯ ಮೇಲೆ, ರಾಯಿಸಾ ಪೆತ್ರೊವ್ನಾ. ಕಪಿಲೆಯ ದಡದಿಂದ ಲಿಖಿತಾ ಒಂದು ನುಣುಪು ಕಲ್ಲು ತಂದು ರೂಮಿನ ಕಿಟಕಿಯಲ್ಲಿಟ್ಟಿದ್ದಳು. "ಇದೇನೇ, ಸಾಲಿಗ್ರಾಮವಾ?" ಅಂತ ಚಂಪಕಮ್ಮ ಕೇಳಿದ್ದರು.

ಮಾರಯ್ಯ ಮೋರಿ ಬಿಡಿಸಿ ಹೋದ ವಾರಕ್ಕೆ, ಭಾನುವಾರ, ಬಿಸಿಲೇರಿದ ಹೊತ್ತಿನಲ್ಲಿ ಬೀದಿಯಲ್ಲೊಂದು ದನಿ ಕೇಳಿಸಿತು.

"ಸೊಪ್ಪಮ್ಮೋ... ಸೊಪ್ಪು..."

ಬಟ್ಟೆ ಹಿಂಡುತ್ತಿದ್ದ ಲಿಖಿತಾಳ ಕೈ ನಿಂತಿತು. ಸೊಪ್ಪು ಮಾರುವವರ ರಾಗ ಅದಲ್ಲ. ಏಳು ಸಮುದ್ರ ದಾಟಿಸಿ, ಗಿಣಿಯೊಳಗಿನ ರಾಕ್ಷಸನ ಪ್ರಾಣ ಹುಡುಕಿಸಿ, ತೊಡೆಯ ಮೇಲೆ ಮಲಗಿಸುತ್ತಿದ್ದ ದನಿ. ಅಜ್ಜಿ ಸಾಕಮ್ಮ ಹುಟ್ಟಿದಾಗಿನಿಂದ ಸೊಪ್ಪು ಮಾರಿದವಳಲ್ಲ. ಅಪ್ಪ ಅವ್ವ ಇಲ್ಲದ ಮೊಮ್ಮಗಳನ್ನು ಸಾಕಲು ಕಳೆ ಕಿತ್ತಿದ್ದಳು, ಕಬ್ಬು ಹೊತ್ತಿದ್ದಳು, ಮಾರಿರಲಿಲ್ಲ.

"ಬಾರೇ ಇಲ್ಲಿ, ಏನು ಸೊಪ್ಪು?" ಚಂಪಕಮ್ಮ ಗೇಟು ತೆಗೆಯದೆ ಕೇಳಿದರು.

"ಅಣ್ಣೆಸೊಪ್ಪು ಕನವ್ವಾರೇ. ಒಲದ್ ಬದೀನಾಗೆ ಕಿತ್ಕೊಂಡ್ ಬಂದೆ. ಎಳೇದದೆ."

ಲಿಖಿತಾ ಜಗಲಿಯ ಕಂಬದ ಪಕ್ಕ ಬಂದು ನಿಂತಳು. ಸಾಕಮ್ಮ ಕುಕ್ಕೆ ಇಳಿಸಿದಳು. ಮುಖ ಇಳಿದಿತ್ತು, ಕಾಲು ಊದಿತ್ತು. ಅವಳ ಕಣ್ಣು ಮನೆಯ ಮೇಲೆಲ್ಲ ಆಡಿ, ಕಂಬದ ಮೇಲೆ ಬಂದು, ಕಂಬದ ಪಕ್ಕದ ಮೊಮ್ಮಗಳ ಮೇಲೆ ಬಂದು, ನಿಲ್ಲದೆ ತುಳಸಿಕಟ್ಟೆಯ ಮೇಲೆ ಹೋಯಿತು. ಲಿಖಿತಾಳಿಗೆ ತಿಳಿದುಹೋಯಿತು. ಮಾರಯ್ಯ ಎಲ್ಲ ಹೇಳಿದ್ದಾನೆ. ಅಜ್ಜಿ ತನ್ನನ್ನು ನೋಡಲು ಬಂದಿದ್ದಾಳೆ, ನೋಡದೆ.

ಚಂಪಕಮ್ಮ ಗೇಟಿನ ಸಂದಿಯಿಂದ ಒಂದು ಕಡ್ಡಿ ತೂರಿಸಿ ಸೊಪ್ಪು ಕೆದಕಿದರು. ಅಡಿಯಲ್ಲಿ ಬಟ್ಟೆಯ ಗಂಟು ಸಿಕ್ಕಿತು.

"ಇದೇನು ಗಂಟು?"

"ಅದು... ನನ್ ಬುತ್ತಿ ಕನವ್ವಾರೇ, ಬುಡಿ."

ಕಡ್ಡಿ ಗಂಟನ್ನು ಬಿಚ್ಚಿತು. ಬಿಸಿಲಲ್ಲಿ ಒಣಗಿಸಿದ ಬಾಡಿನ ತುಂಡುಗಳು. ಚಿಕ್ಕಂದಿನಲ್ಲಿ ಲಿಖಿತಾ ಕೆಂಡದ ಮೇಲೆ ಸುಡಿಸಿಕೊಂಡು, ಅಳು ನಿಲ್ಲಿಸಿ ತಿನ್ನುತ್ತಿದ್ದ ಬಾಡು. ಹೇಗೆ ಕೈಗೆ ಮುಟ್ಟಿಸುತ್ತೇನೆಂದು ಅಜ್ಜಿ ಯೋಚಿಸಿಯೇ ಇರಲಿಲ್ಲ.

"ಥೂ! ಥೂ ನಿನ್ನ! ಹೆಣದ ಮೇಲೆ ಸೊಪ್ಪು ಹಾಕ್ಕೊಂಡು ಬ್ರಾಹ್ಮಣರ ಬಾಗಿಲಿಗೆ ತಂದಿದೀಯಲ್ಲೇ ದರಿದ್ರ ಮುಂಡೇ! ಎತ್ತು, ಎತ್ತು ಮೊದಲು!" ಚಂಪಕಮ್ಮ ಗೇಟಿನ ಸಂದಿಯಿಂದಲೇ ಕುಕ್ಕೆಯನ್ನು ಒದ್ದರು. ಸೊಪ್ಪು ರಸ್ತೆಗೆ ಚೆಲ್ಲಿತು.

"ತಪ್ಪಾಯ್ತು ಕನವ್ವಾರೇ, ಮುದುಕಿ ಗ್ಯಾನ ಇಲ್ದೆ..." ಸಾಕಮ್ಮ ಬಗ್ಗಿ ಬಾಡಿನ ತುಂಡುಗಳನ್ನು ಮೊದಲು ಮಡಿಲಿಗೆ ಹಾಕಿಕೊಂಡಳು. ಏಳಲು ಹೋಗಿ ಆಗದೆ ಗೇಟಿನ ಪಕ್ಕ ಕುಸಿದಳು. "ಒಂದ್ ತೊಟ್ಟು ನೀರು... ಓಯ್ತೀನಿ, ಒಂಟೋಯ್ತೀನಿ."

ಚಂಪಕಮ್ಮ ಉಸ್ಸೆಂದರು. ಕೆಟ್ಟ ಹೆಂಗಸಲ್ಲ ಅವರು. "ಲಿಖಿತಾ, ಎತ್ತಿ ಹಾಕಮ್ಮ ಒಂಚೂರು. ಬಿಸಿಲಿಗೆ ಸತ್ತುಗಿತ್ತಾಳು. ಆ ಅಲ್ಯೂಮಿನಿಯಂದು."

ಲಿಖಿತಾ ಗೂಡಿನ ಕಡೆ ಹೋಗಲಿಲ್ಲ. ನಡುಮನೆಗೆ ಹೋದಳು. ಬಂದ ನೆಂಟರಿಗೆಂದು ಹುಣಸೆಹಣ್ಣಿನಲ್ಲಿ ಬೆಳಗಿ ಮುಕ್ಕಾಲಿಯ ಮೇಲಿಟ್ಟಿದ್ದ ತಾಮ್ರದ ಚೊಂಬು ಎತ್ತಿಕೊಂಡಳು. ಗೇಟು ತೆಗೆದು ರಸ್ತೆಗೆ ಬಂದು ಅಜ್ಜಿಯ ಮುಂದೆ ಮಂಡಿಯೂರಿದಳು.

ಸಾಕಮ್ಮ ನೆಲ ನೋಡುತ್ತಲೇ ಬೊಗಸೆ ಒಡ್ಡಿದಳು. ಆ ಬೊಗಸೆಯೊಳಗೆ ಲಿಖಿತಾ ಚೊಂಬನ್ನೇ ಇಟ್ಟಳು.

"ಕಚ್ಚಿ ಕುಡಿ ಅಜ್ಜಿ."

"ಏಯ್ ಏಯ್! ಏನೇ ಮಾಡ್ತಿದೀಯ?" ಚಂಪಕಮ್ಮ ಕೂಗಿದರು.

ಸಾಕಮ್ಮ ಚೊಂಬನ್ನು ಹಿಂದಕ್ಕೆ ತಳ್ಳಿದಳು. ಪಿಸುದನಿಯಲ್ಲಿ ಅಂದಳು: "ಒಳೀಕ್ ಓಗವ್ವ... ನನ್ ಕೂಸೇ, ಒಳೀಕ್ ಓಗು." ಆಮೇಲೆ ಗಟ್ಟಿಯಾಗಿ, ಗೇಟಿನ ಒಳಗೆ ನಿಂತವರಿಗೆ ಕೇಳುವ ಹಾಗೆ: "ಯಾರ್ ಮಗಳೋ ಏನೋ ಈವಮ್ಮ. ನಂಗೊತ್ತಿಲ್ಲ ಕನವ್ವಾರೇ, ದೇವರಾಣೆ ಗೊತ್ತಿಲ್ಲ!"

"ನಂಗೊತ್ತು ಕನಜ್ಜಿ. ಕುಡಿ."

ಎರಡು ವರ್ಷದಿಂದ ಈ ಮನೆಯಲ್ಲಿ ಆ ಬಾಯಿಂದ ಹೊರಡದ ಕೇರಿಯ ಮಾತು ಬೀದಿಯಲ್ಲಿ ಹೊರಟಿತು. ಸಾಕಮ್ಮ ಕುಡಿಯಲಿಲ್ಲ. ಲಿಖಿತಾ ಅವಳ ಗಲ್ಲ ಹಿಡಿದು, ಮಗುವಿಗೆ ಕುಡಿಸುವಂತೆ, ಚೊಂಬಿನ ಅಂಚನ್ನು ತುಟಿಗೆ ಒತ್ತಿದಳು. ಉಳಿದದ್ದನ್ನು ತಾನು ಅದೇ ಅಂಚಿನಲ್ಲಿ ಕುಡಿದಳು.

"ರೀ! ರೀ, ಬನ್ನಿ ಇಲ್ಲಿ!"

ಒಳಗಿನಿಂದ ಚಂಪಕಮ್ಮನ ಗಂಡ ವ್ಯಾಸರಾಜರು ಪಂಚೆ ಎತ್ತಿ ಕಟ್ಟುತ್ತಾ ಬಂದರು. "ಏನು ಗಲಾಟೆ? ಯಾರದು?"

"ನಮ್ಮಜ್ಜಿ ಅಂಕಲ್, ಸಾಕಮ್ಮ. ನಾವು ಹೊಲೇರು."

ಲಿಖಿತಾ ಜಗಲಿ ಹತ್ತಿ ನಡುಮನೆಗೆ ಹೋಗಿ ಒದ್ದೆ ಚೊಂಬನ್ನು ಅದರ ಮುಕ್ಕಾಲಿಯ ಮೇಲೇ ಇಟ್ಟಳು. ರೂಮಿನಿಂದ ಬ್ಯಾಗು ತಂದಳು, ಕಿಟಕಿಯ ಕಲ್ಲನ್ನೂ. ಚಂಪಕಮ್ಮ ಜಗಲಿಯ ತುದಿಯಲ್ಲಿ ನಿಂತಿದ್ದರು. ಅವಳು ಹಾದುಹೋಗುವಾಗ ಸೀರೆಯ ನೆರಿಗೆಯನ್ನು ಒಳಗೆಳೆದುಕೊಂಡರು.

"ಕಶ್ಯಪ್‌ಗೆ ಫೋನ್ ಮಾಡ್ರೀ," ಎಂದು ಕೇಳಿಸಿತು. "ಮೋಸ ಕಣ್ರೀ! ಅನ್ನ ತಿಂದ ಮನೆಗೆ ಮೋಸ!"

ಹೊರಗೆ ಬಂದು ನೋಡಿದರೆ ಗೇಟಿನ ಪಕ್ಕ ಅಜ್ಜಿ ಇರಲಿಲ್ಲ. ಚೆಲ್ಲಿದ ಸೊಪ್ಪಷ್ಟೇ ಇತ್ತು.

ಬೀದಿಯ ಆ ತುದಿಯಲ್ಲಿ ಸಾಕಮ್ಮ ಖಾಲಿ ಕುಕ್ಕೆ ತಲೆಯ ಮೇಲಿಟ್ಟು, ಊದಿದ ಕಾಲೆಳೆಯುತ್ತಾ ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ಹೋಗುತ್ತಿದ್ದಳು. ತನಗೂ ಆ ಮನೆಗೂ ಆ ಹುಡುಗಿಗೂ ಏನೂ ಇಲ್ಲ ಅನ್ನುವವಳ ಹಾಗೆ. ಮಡಿಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ಅಜ್ಜೀ!" ಲಿಖಿತಾ ಕೂಗಿದಳು. ಕಿಟಕಿಗಳು ತೆರೆದವು. "ಅಜ್ಜೀ, ನಿಂತ್ಕೊ ಕನಜ್ಜೀ, ನಾನೂ ಬತ್ತೀನಿ!"

ಸಾಕಮ್ಮ ತಿರುಗಿ ನೋಡಲಿಲ್ಲ.