ಗೋಳಿ ಪಲ್ಯದಾಗ ಇಲ್ಲದ್ದು

ಗೋಳಿ ಸೊಪ್ಪಿನ ದಂಟು ಚಟ್ಟನ ಮುರೀತು, ಎಷ್ಟು ಕೆಂಪಗ ಅದ, ದಿನಾ ಬಿಸಿಲು ಕುಡಿಯೋ ಪಲ್ಯದಾಗ ಬಿಸಿಲಿನ ಸತ್ವ ಇರಂಗಿಲ್ಲಂದ್ರ ಹ್ಯಾಂಗ ನಂಬಲಿ, ಬೀದರ ದವಾಖಾನಿ ಡಾಕ್ಟರ್ ಹಂಗೇ ಅಂದ್ರು, ವಿಟಮಿನ್ ಡಿ ಅಂತಾರವ್ವ ಅದಕ್ಕ, ಅದು ಇಲ್ಲಂದ್ರ ಎಲುಬು ಮೆತ್ತಗಾಗ್ತಾವ, ಪಲ್ಯದಾಗ ಸಿಗಂಗಿಲ್ಲ, ಮೈಮ್ಯಾಲ ಬಿಸಿಲು ಬೀಳಬೇಕು, ಈಕಿ ಎಷ್ಟು ದಿನದಿಂದ ಹೊರಗ ಬಂದಿಲ್ಲ? — ಆರು ತಿಂಗಳ್ರಿ — ಅಂದೆ.

ಆರು ಅಲ್ಲ ಗಂಗೂ, ನನಗ ನಾನೇ ಅನಕೊಂಡೆ, ಎರಡು ಸಾಕಿತ್ತು. ಫೌಜು ಬಂತು, ನಮ್ಮ ಊರು ಸುಲಿದ ರಜಾಕಾರರು ಓಡಿದರು, ಆಮ್ಯಾಲೆ ನಮ್ಮ ಮಂದಿನೇ ಸೇಡಿಗಿ ಬಿದ್ದರು, ಸಾಲಿ ಮಾಸ್ತರ ಫಕ್ರೋದ್ದೀನಗ ಕಡದರು, ಆ ಮನುಷ್ಯ ಬೆತ್ತ ಬಿಟ್ಟು ಬ್ಯಾರೆ ಏನೂ ಹಿಡದಾವ ಅಲ್ಲ, ಅವನ ಹೆಂಡ್ತಿ ಶಾಕಿರಾ ಹಿತ್ತಲ ಗ್ವಾಡಿ ಜಿಗದು ಬಂದು ನನ್ನ ಕಾಲು ಹಿಡಕೊಂಡ್ಳು, ಅಕ್ಕಾ ಮುಚ್ಚಿಡು ಅಕ್ಕಾ, ಕಿಡಕಿ ಇಲ್ಲದ ಒಳಖೋಲಿಗಿ ದೂಡಿ ಬಾಗಿಲಿಗಿ ಜೋಳದ ಚೀಲ ಒಟ್ಟಿದೆ. ಗಂಡ ಹಣಮಂತಪ್ಪ ಕುರಿ ಹೊಡಕೊಂಡು ಭಾಲ್ಕಿ ಕಡಿ ಹೋಗಿದ್ದ, ಮನ್ಯಾಗ ಇಲ್ಲ, ಮಗಳು ಅನುಸೂಯಾ ಕಾಲರಾದಾಗ ಹೋಗಿ ಮೂರು ವರ್ಷ, ಒಬ್ಬಾಕಿನೇ ಉಣ್ಣಾಕಿ ನಾ, ಈಗ ಎರಡು ತಾಟು. ರೊಟ್ಟಿ, ಗೋಳಿ ಪಲ್ಯ, ಹತ್ತರಕಿ, ಸಿಕ್ಕ ಸೊಪ್ಪೆಲ್ಲಾ ಆಕಿಗೇ. ಕತ್ತಲಾಗ ಕೈಯಾಡಿಸಿ ನನ್ನ ತಲಿ ಬಾಚ್ತಿದ್ಳು, ಅಕ್ಕಾ ನಿನ್ನ ಕೂದಲು ರೇಷ್ಮಿ ಅದ ಅಂತಿದ್ಳು, ಮೂರು ವರ್ಷ ಯಾರೂ ನನ್ನ ತಲಿ ಮುಟ್ಟಿರಲಿಲ್ಲ —

ದೀಪಾವಳಿ ಮುಂದ ನಮ್ಮೂರು ಚಿಂತಾಕಿ ತುಂಬ ಡಂಗುರ, ಎಲ್ಲಾ ಶಾಂತ ಆಗ್ಯದ, ಅಡಗಿದವರು ಹೊರಗ ಬರ್ರಿ, ಯಾರೂ ಮುಟ್ಟಂಗಿಲ್ಲ. ಒಳಗಿಂದ ಕೇಳಿದಳು, ಅದೇನು ಸಪ್ಪಳ ಅಕ್ಕಾ? ನನ್ನ ಬಾಯಿಂದ ಬಂದುಬಿಡ್ತು, ಇನ್ನೂ ಮನಿ ಸುಡಲತ್ತಾರ ತಂಗಿ, ಸುಮ್ನ ಕೂಡು. ಒಂದೇ ಮಾತು. ಮರುದಿನ ಖರೇ ಹೇಳ್ತೇನಿ ಅನಕೊಂಡೆ, ಮರುದಿನ ಆಕಿ ನನ್ನ ಹಣಿಗಿ ಎಣ್ಣಿ ತಿಕ್ಕಿದಳು, ಹೇಳಲಿಲ್ಲ. ಸಂಕ್ರಾಂತಿಗಿ ಟೊಂಕ ನೋವು ಅಂದ್ಳು, ಶಿವರಾತ್ರಿಗಿ ಗ್ವಾಡಿ ಹಿಡದು ಏಳ್ತಿದ್ಳು, ನಾ ಇನ್ನಷ್ಟು ಪಲ್ಯ ತಂದೆ. ಹೋಳಿಗಿ ಹಣಮಂತಪ್ಪ ಬಂದು, ಒಳಗ ಯಾರದಾರಂತ ನನ್ನಿಂದ ಕೇಳಿ ಅಂಗಳದಾಗೇ ನಿಂತ, ಊರು ಶಾಂತ ಆಗಿ ನಾಕು ತಿಂಗಳಾತು, ಇನ್ನೂ ಒಳಗ ಯಾಕ ಇಟ್ಟೀದಿ? ನನ್ನ ಮಾರಿ ನೋಡಿದ, ಚೀಲ ಎತ್ತಿ ಬದಿಗಿ ಇಟ್ಟ. ಹೊಸ್ತಿಲ ದಾಟೂದ್ರಾಗ ಶಾಕಿರಾನ ತೊಡಿ ಎಲುಬು ಮುರೀತು.

ಬೀದರದಾಗ ಆಕಿ ಅಣ್ಣ ನಿಜಾಮೋದ್ದೀನ ಅದಾನ, ನನ್ನ ಮುಂದ ಕೈ ಮುಗದ, ನಮ್ಮ ತಂಗಿ ಜೀವ ಉಳಿಸಿದ್ರಿ ಅಂದ. ಮೀನೆಣ್ಣಿ ಕೊಡ್ತಾರಂತ, ಮುಂಜಾನಿ ದವಾಖಾನಿ ಅಂಗಳದಾಗ ಕೂಡಸ್ತಾರ, ಎಲುಬು ಕೂಡ್ತದ ಆದರ ಕಾಲು ಕುಂಟೇ. ಹೋದ ವಾರ ಹೇಳೇಬಿಡಬೇಕಂತ ಹೋಗಿದ್ದೆ. ಶಾಕಿರಾ, ಅವತ್ತು ಆ ಸಪ್ಪಳ — ಯಾವ ಸಪ್ಪಳ ಅಕ್ಕಾ, ಅದೆಲ್ಲ ಯಾಕ ಈಗ, ಬಾ, ಇಲ್ಲಿ ನನ್ನ ಬಾಜೂಕ ಕೂಡು, ಎಷ್ಟು ಛಲೋ ಬಿಸಿಲದ — ಕುಪ್ಪಸದ ತೋಳು ಮೊಳಕೈತನ ಏರಿಸಿದ್ಳು, ನಾ ನೆರಳಾಗೇ ನಿಂತೆ, ಆಕಿ ನಗಕೋತ ಎರಡೂ ಕೈ ಬಿಸಿಲಿಗಿ ಚಾಚಿ, ಬೆಳ್ಳಗ, ಸುಣ್ಣದಂಥ ಬೆಳ್ಳಗ, ಎರಡೂ ಕೈ —