ಎನೈದಾಳ ಚಟ್ನಿ

ಕೊಲಂಬಿಯಾದ ಕಾರ್ತಹೇನಾ ಊರಿನ ಹಳೆ ಕೋಟೆಬಾಗಿಲ ಬಳಿ ಎನೈದಾ ಮೊಟ್ಟೆ ತುಂಬಿದ ಅರೆಪಾ ಎಂಬ ಜೋಳದ ಹಿಟ್ಟಿನ ರೊಟ್ಟಿ ಕರಿಯುತ್ತಾಳೆ. ಪ್ರವಾಸಿಗರಿಗೆ ಬೀದಿ ತಿಂಡಿ ತೋರಿಸಲು ಬರುವ ಗೈಡ್ ವಿಲ್ಮರ್ ಇಂಗ್ಲಿಷಿನಲ್ಲಿ ತನ್ನ ಅಡುಗೆಯನ್ನು ಹೊಗಳುತ್ತಾನೆಂದುಕೊಂಡು ಅವಳು ಮೂರು ವರ್ಷ ತಲೆಯಾಡಿಸಿ ನಕ್ಕಿದ್ದಳು. ಇಂದು ಇಂಗ್ಲಿಷ್ ಕಲಿತ ಮಗಳು ದಯಾನಾ ಪಕ್ಕದಲ್ಲಿದ್ದಳು.

"ಅಮ್ಮಾ, ಇವನು ಅವರಿಗೆ ‘ಫೋಟೊ ತೆಗೀರಿ ಸಾಕು, ಇವಳ ಚಟ್ನಿ ಮುಟ್ಬೇಡಿ, ಹೊಟ್ಟೆ ಕೆಡುತ್ತೆ, ಮುಂದೆ ಹೋಟೆಲಲ್ಲಿ ತಿನ್ನೋಣ’ ಅಂತಿದಾನೆ."

ಎನೈದಾಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ನಕ್ಕಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು. ಬಿಸಿ ಅರೆಪಾ ಎರಡರ ಮೇಲೆ ಚಟ್ನಿ ಸುರಿದು ವಿಲ್ಮರನ ಮುಂದೆ ಹಿಡಿದಳು.

"ತಗೊಳ್ಳಪ್ಪಾ, ದಿನಾ ಬೆಳಿಗ್ಗೆ ತಿನ್ನೋದು ಇದೇ ತಾನೆ?"

"ಈಗ ಬೇಡ ಅಕ್ಕಾ, ಜನ ಇದಾರೆ."

"ಇದಾರೆ ಅಂತಾನೇ ಕೊಡ್ತಿರೋದು. ದಯಾನಾ, ಅವರಿಗೆ ಇಂಗ್ಲಿಷಲ್ಲಿ ಹೇಳು, ಮೂರು ವರ್ಷ ಇದನ್ನ ತಿಂದೇ ಇವನಿಗೆ ಈ ಹೊಟ್ಟೆ ಬಂದಿದ್ದು ಅಂತ."