ಹೊಟ್ಟೆಯೊಳಗಿನ ಕೂಸಿಗೆ ಯಾವ ಊರು?

ಸ್ಮಿತಾಳ ಕಾಲಿಗೆ ಚಪ್ಪಲಿ ಹಿಡಿಸದೆ ಎಂಟು ದಿನವಾಗಿತ್ತು. ಏಳು ತಿಂಗಳ ಬಸುರಿ. ಎರಡು ದಿನದಿಂದ ತಲೆನೋವು ಬೇರೆ. ಬೆಂಗಳೂರಿನ ವಿದ್ಯಾರಣ್ಯಪುರದಾಚೆ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಜಾಗದ ತಗಡಿನ ಶೆಡ್ಡಿನಲ್ಲಿ ಅವಳು ಮಲಗಿದ್ದಳು. ಹತ್ತು ವರ್ಷದ ಮಗಳು ಅಕ್ಷಯಾ ಶಾಲೆ ಬಿಟ್ಟು ರೊಟ್ಟಿ ಬಡಿಯುತ್ತಿದ್ದಳು.

ಅತ್ತೆ ನಿಂಗವ್ವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

“ನನ್ನ ನಾಕೂ ಬಸುರಿನ್ಯಾಗ ಕಾಲು ಬಾತಿದ್ವು. ಪಂಚಮಿಗಿ ಊರಿಗಿ ಹೋಗ್ತೀವಲ್ರೀ, ಅಲ್ಲೇ ತೋರಸ್ತೀವಿ,” ಎಂದಳು, ಬಾಗಿಲಲ್ಲಿ ನಿಂತಿದ್ದ ಆಶಾ ಕಾರ್ಯಕರ್ತೆ ಅತೀಯಾಗೆ.

“ಪಂಚಮಿಗೆ ಇನ್ನೂ ಇಪ್ಪತ್ತು ದಿನ ಇದೆ ಅಮ್ಮಾ. ಸರ್ಕಾರಿ ಆಸ್ಪತ್ರೆ ಇಲ್ಲೇ ಎರಡು ಬೀದಿ ಆಚೆ.”

“ತಾಯಿ ಕಾರ್ಡ್ ಊರಾಗ ಟ್ರಂಕಿನ್ಯಾಗ ಅದ.”

“ಅಲ್ಲಿ ಯಾಕಿಟ್ರಿ?”

ಇದೆಂಥ ಪ್ರಶ್ನೆ ಎನಿಸಿತು ನಿಂಗವ್ವನಿಗೆ. ರೇಷನ್ ಕಾರ್ಡು ಊರಿನ ಅಂಗಡಿಯದು, ಓಟಿನ ಕಾರ್ಡು ಊರಿನ ಬೂತಿನದು, ಬಸುರಿಯ ತಪಾಸಣೆ ಬರೆಯುವ ತಾಯಿ ಕಾರ್ಡು ಊರಿನ ದವಾಖಾನೆಯದು. ಈ ಸಲ ಯಾದಗಿರಿಯಿಂದ ಬಸ್ಸು ಹತ್ತುವ ಮುಂಚೆ ಮೂರನ್ನೂ ಹಳೆಯ ಸೀರೆಯಲ್ಲಿ ಸುತ್ತಿ, ಟ್ರಂಕಿಗೆ ಬೀಗ ಹಾಕಿ ಬಂದವಳು ಅವಳೇ. ಶೆಡ್ಡುಗಳ ಎಲ್ಲರೂ ಮಾಡುವುದು ಹಾಗೆಯೇ.

“ಬಸುರಿ ಇಲ್ಲಿ, ಕಾರ್ಡ್ ಊರಲ್ಲಿ. ಹೆರಿಗೆ ಯಾರಿಗಮ್ಮಾ, ಟ್ರಂಕಿಗಾ?”

ಚಾದರದೊಳಗೆ ಸ್ಮಿತಾ ಕಿಸಕ್ಕನೆ ನಕ್ಕಳು. ನಿಂಗವ್ವನಿಗೆ ರೇಗಿತು. “ಚ್ಯಾಷ್ಟಿ ಮಾಡಬ್ಯಾಡ್ರಿ ಬಾಯೋರೆ. ಈ ಊರಾಗ ನಮ್ಮನ್ನ ಯಾರು ಕೇಳ್ತಾರ? ಬಾಗಲಾಗಿಂದೇ ಹೊಳ್ಳಿ ಕಳಸ್ತಾರ.”

“ಕಳಿಸಿದ್ರೆ ಬರ್ಬೇಡಿ. ಕಾಲು ಊದ್ಕೊಂಡು ತಲೆನೋವೂ ಬಂದ್ರೆ ಬಿಪಿ ಏರಿರ್ಬಹುದು ಕಣಮ್ಮಾ. ತಾಯಿ ಮಗು ಇಬ್ರಿಗೂ ಅಪಾಯ. ಇವತ್ತೇ ತೋರಿಸ್ಬೇಕು.”

“ಅತ್ತಿ,” ಎಂದಳು ಸ್ಮಿತಾ ಮೆಲ್ಲಗೆ, “ಮುಂಜಾನಿಂದ ಕಣ್ಣೂ ಮಂಜ ಆಗ್ಲತ್ತಾವ್ರಿ.”

ನಿಂಗವ್ವ ಸೊಸೆಯ ಕೈ ಹಿಡಿದು ಎಬ್ಬಿಸಿದಳು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಆಧಾರ್ ಕಾರ್ಡನ್ನು ತಿರುಗಿಸಿ ನೋಡಿದ. “ಯಾದಗಿರಿ ಅಡ್ರೆಸ್ಸು. ತಾಯಿ ಕಾರ್ಡೂ ಇಲ್ಲ. ನಿಮ್ ಊರಲ್ಲೇ ತೋರಿಸ್ಕೊಳ್ಳಿ. ಹಿಂದಿನವರು ಬನ್ನಿ!”

ನಿಂಗವ್ವ ಹೇಳಿದ್ದೇ ನಿಜವಾಗಿತ್ತು. ಆದರೆ ‘ನೋಡಿದ್ರ್ಯಾ?’ ಎಂದು ಜೊತೆಗೆ ಬಂದಿದ್ದ ಅತೀಯಾಳತ್ತ ತಿರುಗಲಿಲ್ಲ. ಅತೀಯಾ ಬಾಯಿ ತೆರೆಯುವ ಮೊದಲೇ, ಸಿಮೆಂಟಿಗೆ ಬಿರಿದ ಎರಡೂ ಕೈಗಳನ್ನು ಕೌಂಟರಿನ ಮೇಲೆ ಊರಿದಳು.

“ತಮ್ಮಾ, ನಮ್ಮ ಆಧಾರ ಯಾದಗಿರಿದು. ಹೊಟ್ಟ್ಯಾಗಿನ ಕೂಸಿಂದು ಯಾವೂರದು? ಅದು ಇಲ್ಲೇ ಒದಿಲತ್ತದ, ನಿಮ್ಮ ಬೆಂಗಳೂರಾಗ. ಮೂರು ವರ್ಷದಿಂದ ಬಂದು ಹೋಗಿ ಮಾಡಿ ನಿಮ್ಮ ಮನಿಗೋಳಿಗಿ ಇಟ್ಟಂಗಿ ಹೊತ್ತೀನಿ. ಆವಾಗ ಯಾರೂ ಅಡ್ರೆಸ್ ಕೇಳಲಿಲ್ಲ. ಸೊಸಿನ್ನ ನೋಡೂ ತನಕ ನಾ ಕದಲಂಗಿಲ್ಲ!”

ಎಂದವಳೇ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಸಾಲಿನಲ್ಲಿದ್ದ ಮುದುಕ ಮುನಿಯಣ್ಣ ಊರುಗೋಲು ಕುಟ್ಟಿದ. “ಬರ್ಕೊಡಯ್ಯ! ನಂದು ಆಮ್ಯಾಕೆ ಆಗ್ಲಿ.”

ಗದ್ದಲ ಕೇಳಿ ನರ್ಸ್ ಹೊರಗೆ ಬಂದರು. ಸ್ಮಿತಾಳ ಮುಖ ನೋಡಿದವರೇ ಒಳಗೆ ಕರೆದೊಯ್ದರು. ಬಿಪಿ ನೂರ ಎಪ್ಪತ್ತು ದಾಟಿತ್ತು. ಡಾಕ್ಟರು ಔಷಧಿ ಕೊಟ್ಟು, ೧೦೮ ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದರು.

“ಇವ್ರನ್ನ ಯಾದಗಿರಿವರೆಗೂ ಬಸ್ಸಲ್ಲಿ ಕರ್ಕೊಂಡು ಹೋಗ್ತಿದ್ರಾ?” ಎಂದರು ಡಾಕ್ಟರು, ಅತೀಯಾಳಿಂದ ಪಂಚಮಿಯ ವಿಷಯ ಕೇಳಿ. ನಿಂಗವ್ವ ತಲೆ ತಗ್ಗಿಸಿದಳು.

ಹತ್ತು ದಿನಕ್ಕೆ ಸ್ಮಿತಾ ಮಾತ್ರೆಗಳೊಂದಿಗೆ ಶೆಡ್ಡಿಗೆ ಮರಳಿದಳು. ಬಿಪಿ ಇಳಿದಿತ್ತು, ಕೂಸು ಒದೆಯುತ್ತಿತ್ತು. ವಾರಕ್ಕೊಮ್ಮೆ ತಪಾಸಣೆ, ಅದೂ ಎರಡು ಬೀದಿ ಆಚೆಯೇ. ಶಾಲೆಯಲ್ಲಿ ಅಕ್ಷಯಾಳ ಹೆಸರು ಕೂಗಿದಾಗ ಈಗ ‘ಬಂದಿದೀನಿ ಮಿಸ್’ ಎಂಬ ಉತ್ತರ ಬರುತ್ತದೆ.

ಊರಿಗೆ ಹೊರಟಿದ್ದ ಪಕ್ಕದ ಶೆಡ್ಡಿನ ಪಂಚಪ್ಪನ ಕೈಗೆ ನಿಂಗವ್ವ ಟ್ರಂಕಿನ ಕೀಲಿ ಕೊಟ್ಟಿದ್ದಳು. ಕಾರ್ಡು ಬಂತು. ಅಷ್ಟಕ್ಕೆ ಅವಳು ಸುಮ್ಮನಾಗಲಿಲ್ಲ. ಸುತ್ತಲಿನ ಶೆಡ್ಡುಗಳ ಇನ್ನಿಬ್ಬರು ಬಸುರಿಯರನ್ನೂ, ಚುಚ್ಚುಮದ್ದು ತಪ್ಪಿದ್ದ ಮಕ್ಕಳನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ನಡೆದಳು. ಅವಳನ್ನು ಕಂಡ ಕೂಡಲೇ ಕೌಂಟರಿನವನು ಪೆನ್ನು ತೆಗೆದ.

“ಕೂತ್ಕೋಬೇಡಮ್ಮಾ ತಾಯಿ, ಬರೀತಿದೀನಿ!”

ಅಕ್ಕಂದಿರೇ, ನೀವು ಯಾವ ಊರಿಂದ ಬಂದಿದ್ದರೂ, ಈಗ ಎಲ್ಲಿದ್ದೀರೋ ಅಲ್ಲಿನ ಸರ್ಕಾರಿ ಆಸ್ಪತ್ರೆ ನಿಮ್ಮದು. ಬಸ್ಸು ಹತ್ತುವಾಗ ಬುತ್ತಿಗಿಂತ ಮೊದಲು ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿ. ಕಾರ್ಡು ಇಲ್ಲವೆಂದು ಮನೆಯಲ್ಲೇ ಉಳಿಯಬೇಡಿ. ಬಸುರಿಗೆ ಬಾವು, ತಲೆನೋವು, ಕಣ್ಣು ಮಂಜು ಕಂಡರೆ ಅಂದೇ ಹೊರಡಿ. ಊರು ಕೇಳಿ ಯಾರಾದರೂ ಹಿಂದಕ್ಕೆ ಕಳಿಸಿದರೆ, ನಿಂಗವ್ವನನ್ನು ನೆನೆದು ಅಲ್ಲೇ ಕೂತುಬಿಡಿ.